ಆಲೂಗಡ್ಡೆ ಸಾಲ ಮತ್ತು ಹನ್ನೊಂದನೆಯ ವಿಧಿ

ಹಾಸನ ಜಿಲ್ಲೆಯ ನ್ಯಾಯಾಲಯಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ನನ್ನ ಮೇಜಿನ ಮೇಲಿರುವ ಕಡತಗಳು ಎಲ್ಲ ಊರಿನ ವಕೀಲರ ಮೇಜಿನ ಮೇಲೂ ಇರುವಂಥವೇ: ಭಾಗದ ದಾವೆ, ದಾರಿ ತಕರಾರು, ಪ್ರಾಮಿಸರಿ ನೋಟಿನ ಸಾಲ. ವಿಶ್ವಸಂಸ್ಥೆಯ ಒಡಂಬಡಿಕೆಯೊಂದನ್ನು ಕೈಯಲ್ಲಿ ಹಿಡಿದು ವಾದಿಸುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ. ಅದು ಬಂದದ್ದು ಆಲೂಗಡ್ಡೆಯ ದೆಸೆಯಿಂದ.

ಅರಕಲಗೂಡು ಕಡೆಯ ರೈತರೊಬ್ಬರು ಬಿತ್ತನೆ ಗಡ್ಡೆಗೂ ಗೊಬ್ಬರಕ್ಕೂ ವರ್ತಕರೊಬ್ಬರಿಂದ ಎರಡು ಲಕ್ಷ ರೂಪಾಯಿ ಸಾಲ ತಂದಿದ್ದರು. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಅಂಗಮಾರಿ ರೋಗ ಬಿದ್ದು, ಹಸಿರಾಗಿದ್ದ ಹೊಲ ನೋಡುನೋಡುತ್ತಿದ್ದಂತೆ ಕಪ್ಪಾಯಿತು. ವರ್ತಕರು ದಾವೆ ಹೂಡಿದರು, ಇವರು ಹೆದರಿ ನ್ಯಾಯಾಲಯದ ಕಡೆ ತಲೆ ಹಾಕಲಿಲ್ಲ, ಸಾಲ ತೀರಿಸಬೇಕೆಂದು ಡಿಕ್ರಿ ಆಯಿತು. ಅದರ ಬೆನ್ನಿಗೇ ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ: ಋಣಿಯನ್ನು ಬಂಧಿಸಿ ಸಿವಿಲ್ ಜೈಲಿಗೆ ಕಳುಹಿಸಬೇಕು. ನಿಮ್ಮನ್ನು ಏಕೆ ಜೈಲಿಗೆ ಕಳುಹಿಸಬಾರದು ಎಂದು ಕೇಳಿದ ನೋಟಿಸನ್ನು ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ನನ್ನ ಕಚೇರಿಗೆ ಬಂದರು. ಗಂಡ ಮಾತಾಡಲಿಲ್ಲ. ಹೆಂಡತಿ ಕೇಳಿದರು: "ಮೇಡಂ, ಕದ್ದವರನ್ನು ಹಿಡಿಯುತ್ತಾರೆ, ಸರಿ. ಬೆಳೆ ಹೋದವರನ್ನೂ ಹಿಡಿಯುತ್ತಾರೆಯೇ?"

ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಐದು ಸಾವಿರ ರೂಪಾಯಿಗೆ ಮೀರಿದ ಡಿಕ್ರಿಗೆ ಮೂರು ತಿಂಗಳವರೆಗೆ ಹಿಡಿದಿಡಬಹುದು. ಒಳಗಿರುವಷ್ಟು ದಿನದ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಹೊರಗೆ ಬಂದ ಮೇಲೂ ಸಾಲ ಹಾಗೆಯೇ ಇರುತ್ತದೆ. ಇಷ್ಟಾದರೂ ಬಂಧನದ ಅರ್ಜಿಗಳು ಬೀಳುತ್ತಲೇ ಇರುತ್ತವೆ, ಏಕೆಂದರೆ ಮಾನಕ್ಕೆ ಅಂಜಿ ಹೆಂಡತಿಯ ಓಲೆ ಮಾರಿಯಾದರೂ ಹಣ ತರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಆ ರಾತ್ರಿ ನನಗೆ ಕಾನೂನು ಕಾಲೇಜಿನಲ್ಲಿ ಓದಿದ್ದ ಒಂದು ಸಾಲು ನೆನಪಾಯಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಹನ್ನೊಂದನೆಯ ವಿಧಿ: ಕರಾರಿನ ಬಾಧ್ಯತೆಯನ್ನು ತೀರಿಸಲಾಗಲಿಲ್ಲ ಎಂಬ ಕಾರಣಕ್ಕೆ ಮಾತ್ರವೇ ಯಾರನ್ನೂ ಸೆರೆಯಲ್ಲಿಡುವಂತಿಲ್ಲ. 1966ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಈ ಒಡಂಬಡಿಕೆಗೆ ಭಾರತ ಸೇರಿದ್ದು 1979ರ ಏಪ್ರಿಲ್ 10ರಂದು. ತುರ್ತುಪರಿಸ್ಥಿತಿ ಘೋಷಿಸಿದರೂ ಸರ್ಕಾರ ಅಮಾನತಿನಲ್ಲಿಡಲಾಗದ ಕೆಲವೇ ವಿಧಿಗಳಲ್ಲಿ ಇದೂ ಒಂದು. ಯುದ್ಧ ಬಂದರೂ ಕದಲದ ಮಾತು ಎರಡು ಲಕ್ಷದ ಸಾಲಕ್ಕೆ ಕದಲಬೇಕೇ ಎಂದು ನನಗೆ ಹುರುಪು ಹತ್ತಿತು.

ಆ ಹುರುಪಿನಲ್ಲೇ ತಪ್ಪು ಮಾಡಿದೆ. ಆಕ್ಷೇಪಣೆಯ ಮೊದಲ ಪುಟದಲ್ಲೇ ಒಡಂಬಡಿಕೆಯನ್ನು ಇಟ್ಟೆ. ಎದುರು ವಕೀಲರು ಎದ್ದು ನಿಂತು, "ನಮ್ಮದು ಸಾರ್ವಭೌಮ ರಾಷ್ಟ್ರ. ಇಲ್ಲಿನ ಸಾಲ ವಸೂಲಿಗೆ ಜಿನೀವಾದ ಅಪ್ಪಣೆ ಬೇಕೇ?" ಎಂದರು. ನ್ಯಾಯಾಧೀಶರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಸಂಸತ್ತು ಕಾಯ್ದೆಯಾಗಿ ಮಾಡಿದೆಯೇ?" ಮಾಡಿಲ್ಲ. ನಮ್ಮಲ್ಲಿ ಸರ್ಕಾರ ಸಹಿ ಹಾಕಿದ ಮಾತ್ರಕ್ಕೆ ಒಪ್ಪಂದ ಕಾನೂನಾಗುವುದಿಲ್ಲ; ಸಂವಿಧಾನದ 253ನೆಯ ವಿಧಿಯಡಿ ಸಂಸತ್ತು ಅದಕ್ಕೆ ಕಾಯ್ದೆ ಮಾಡಬೇಕು. ಪ್ರಶ್ನೆ ನ್ಯಾಯವಾಗಿತ್ತು. ಸಮಯ ಕೇಳಿ ಹೊರಗೆ ಬಂದೆ.

ನಾನು ಕೆಲಸ ಕಲಿತ ಹಿರಿಯರ ಬಳಿ ಹೋದೆ. ಅವರು ಆಕ್ಷೇಪಣೆಯನ್ನು ಓದಿ, "ನೆಂಟರನ್ನು ಮುಂದೆ ಬಿಟ್ಟು ಮನೆಯವರು ಹಿಂದೆ ನಿಂತಂತಾಗಿದೆಯಮ್ಮಾ. ಮನೆಯವರು ಮೊದಲು ಮಾತಾಡಲಿ" ಎಂದರು. ಆಮೇಲೆ ಕಪಾಟಿನಿಂದ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ತೆಗೆದುಕೊಟ್ಟರು: ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚ್ಚಿನ್, 1980ರ ಫೆಬ್ರವರಿ 4. ಭಾರತ ಒಡಂಬಡಿಕೆಗೆ ಸೇರಿ ಹತ್ತು ತಿಂಗಳೂ ತುಂಬಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದರಲ್ಲಿ ಎರಡು ಮಾತುಗಳನ್ನು ಜೊತೆಜೊತೆಗೇ ಹೇಳಿದ್ದಾರೆ. ಒಡಂಬಡಿಕೆ ತನ್ನಷ್ಟಕ್ಕೆ ತಾನೇ ಇಲ್ಲಿನ ಕಾನೂನಲ್ಲ. ಆದರೆ ಋಣಿಯ ಬಂಧನದ ವಿಚಾರ ಹೇಳುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೆಯ ಕಲಮನ್ನು ಆ ಒಡಂಬಡಿಕೆಗೂ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೆಯ ವಿಧಿಗೂ ಹೊಂದುವಂತೆ ಓದಬೇಕು. ಬಡತನಕ್ಕಾಗಿ ಸೆರೆ ಕೂಡದು, ಕೊಡುವ ಶಕ್ತಿಯಿದ್ದೂ ಕೊಡದ ದುರ್ಬುದ್ಧಿ ಕಾಣಬೇಕು.

ಆಕ್ಷೇಪಣೆಯನ್ನು ತಿರುಗಿಸಿ ಬರೆದೆ. ಮೊದಲು 51ನೆಯ ಕಲಮು: ಡಿಕ್ರಿಯ ನಂತರ ಋಣಿಗೆ ಸಾಲ ತೀರಿಸುವ ಶಕ್ತಿ ಇತ್ತೇ, ಇದ್ದೂ ಕೊಡಲಿಲ್ಲವೇ ಎಂಬುದಕ್ಕೆ ನ್ಯಾಯಾಲಯ ಕಾರಣ ಬರೆಯಬೇಕು. ಆಮೇಲೆ 21ನೆಯ ವಿಧಿ. ಆಮೇಲೆ ತೀರ್ಪು. ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸುವಂತೆ ಸರ್ಕಾರಕ್ಕೆ ಹೇಳುವ ಸಂವಿಧಾನದ 51ನೆಯ ವಿಧಿ ಅದರ ನಂತರ. ಎಲ್ಲಕ್ಕೂ ಕೊನೆಯಲ್ಲಿ, ಅರ್ಧ ಪುಟದಲ್ಲಿ, ಒಡಂಬಡಿಕೆ. ಶಕ್ತಿಯ ಲೆಕ್ಕಕ್ಕೆ ಪಹಣಿಯನ್ನೂ ಸೊಸೈಟಿಯ ಸಾಲದ ಪಟ್ಟಿಯನ್ನೂ ಹಾಜರುಪಡಿಸಿದೆ. ಎತ್ತು, ನೇಗಿಲು, ಬಿತ್ತನೆಯ ಕಾಳು ಜಪ್ತಿಗೆ ಬರುವಂಥವಲ್ಲ. ಅವನ್ನು ಶಕ್ತಿಯ ಲೆಕ್ಕಕ್ಕೂ ಸೇರಿಸುವಂತಿಲ್ಲ. ಪಾಟಿ ಸವಾಲಿನಲ್ಲಿ ವರ್ತಕರನ್ನು ಕೇಳಿದೆ: ಡಿಕ್ರಿ ಆದ ಮೇಲೆ ಇವರು ಏನನ್ನಾದರೂ ಮಾರಿದರೇ? ಯಾರ ಹೆಸರಿಗಾದರೂ ಬರೆದುಕೊಟ್ಟರೇ? ಇಲ್ಲ ಎಂದರು. ಸತ್ಯವನ್ನೇ ಹೇಳಿದರು.

ಸಾರ್ವಭೌಮತ್ವದ ಮಾತಿಗೂ ಈ ಸಲ ಉತ್ತರ ಸಿದ್ಧವಿತ್ತು. ಒಡಂಬಡಿಕೆಗೆ ಸೇರು ಎಂದು ಭಾರತವನ್ನು ಯಾರೂ ಬಲವಂತ ಮಾಡಿರಲಿಲ್ಲ. ತನ್ನ ಅಧಿಕಾರದಿಂದಲೇ ಜಗತ್ತಿನ ಮುಂದೆ ಮಾತು ಕೊಟ್ಟ ದೇಶ, ತನ್ನ ರೈತನ ಮುಂದೆ ಮಾತ್ರ "ಅದು ಹೊರಗಿನವರಿಗೆ" ಎನ್ನಬಹುದೇ? 1946ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ಭಾರತೀಯರ ಮೇಲಿನ ತಾರತಮ್ಯವನ್ನು ವಿಶ್ವಸಂಸ್ಥೆಯ ಮುಂದೆ ಒಯ್ದದ್ದು ನಾವೇ. ಇದು ನಮ್ಮ ಮನೆಯ ವಿಚಾರ ಎಂದು ಆ ದೇಶ ಆಗ ಹೇಳಿತ್ತು. ಮನೆಯೊಳಗಿನ ಅನ್ಯಾಯ ಮನೆಯವರದಷ್ಟೇ ಅಲ್ಲ ಎಂದು ವಾದಿಸಿದ್ದು ಸ್ವಾತಂತ್ರ್ಯವೂ ಬಂದಿರದ ಭಾರತ. ಇದನ್ನು ಹೇಳುವಾಗ ನನ್ನ ದನಿ ನಡುಗಿತು.

ಬಂಧನದ ಅರ್ಜಿ ವಜಾ ಆಯಿತು. ಆದೇಶ 51ನೆಯ ಕಲಮಿನ ಮೇಲೆ, ಆ ತೀರ್ಪಿನ ಮೇಲೆ ನಿಂತಿತ್ತು. ಒಡಂಬಡಿಕೆಗೆ ಸಿಕ್ಕದ್ದು ಒಂದು ವಾಕ್ಯ. ನನಗೆ ಅಷ್ಟು ಸಾಕಾಗಿತ್ತು. ಸಾಲ ಉಳಿಯಿತು; ಕಂತು ಕಟ್ಟಲು ಒಪ್ಪಿಸಿದೆವು.

ಅರ್ಜಿ ಮಂಜೂರಾಗಿದ್ದರೆ ಜಿನೀವಾಕ್ಕೆ ದೂರು ಕೊಡಬಹುದಿತ್ತೇ ಎಂದು ಕಿರಿಯ ವಕೀಲರು ಕೇಳುತ್ತಾರೆ. ಇಲ್ಲ. ವ್ಯಕ್ತಿಗಳು ಅಲ್ಲಿನ ಮಾನವ ಹಕ್ಕುಗಳ ಸಮಿತಿಗೆ ನೇರ ದೂರು ಕೊಡಲು ದಾರಿ ಮಾಡುವ ಐಚ್ಛಿಕ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿಲ್ಲ, ಎಂದರೆ ಅದಕ್ಕೆ ಬದ್ಧವಾಗುವ ಅಂತಿಮ ಒಪ್ಪಿಗೆ ಕೊಟ್ಟಿಲ್ಲ. ಈ ಬಾಗಿಲುಗಳು ತೆರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ನಮಗಿರುವುದು ಇಲ್ಲಿನ ಕಟಕಟೆಯೇ.

ಆ ಆದೇಶದ ಸುದ್ದಿ ಹಬ್ಬಿ, ಮುಂದಿನ ತಿಂಗಳು ಇನ್ನೊಬ್ಬರು ಬಂದರು. ಅವರ ಮೇಲೂ ಬಂಧನದ ಅರ್ಜಿ ಇತ್ತು. ಕಾಗದಗಳನ್ನು ನೋಡಿದೆ: ಡಿಕ್ರಿ ಆದ ಮೂರೇ ವಾರಕ್ಕೆ ಊರಿನ ನಿವೇಶನವನ್ನು ಭಾವಮೈದುನನ ಹೆಸರಿಗೆ ಬರೆದುಕೊಟ್ಟಿದ್ದರು. "ಆ ರೈತರಿಗೆ ಮಾಡಿದ್ದನ್ನೇ ನನಗೂ ಮಾಡಿ" ಎಂದರು. ಹನ್ನೊಂದನೆಯ ವಿಧಿಯನ್ನು ತೆಗೆದು, ಅದರಲ್ಲಿನ "ಮಾತ್ರವೇ" ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕಾಗದಗಳನ್ನು ಮಡಚಿಕೊಂಡು ಬೇರೆ ವಕೀಲರ ಬಳಿ ಹೋದರು.