ಹಲ್ಲು ಜುಮ್ ಅಂದರೆ ಮೊದಲು ಬ್ರಷ್ ನೋಡಿ

ಬೇಸಿಗೆಯಲ್ಲಿ ನಮ್ಮ ಶಿರಸಿ ಕಡೆ ಅಪ್ಪೆಹುಳಿ (ಮಾವಿನಕಾಯಿಯ ತೆಳ್ಳಗಿನ ಹುಳಿ ಸಾರು) ಇಲ್ಲದ ಊಟವಿಲ್ಲ. ಆಗಲೇ ನನ್ನ ಕ್ಲಿನಿಕ್‌ಗೆ 'ಡಾಕ್ಟ್ರೇ, ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅಂತದೆ' ಎಂದು ಬರುವವರೂ ಜಾಸ್ತಿ.

ನಾನು ಮೊದಲು ಕೇಳುವುದು ಬ್ರಷ್. ಎಳೆಗಳೆಲ್ಲ ಹೊರಕ್ಕೆ ಬಾಗಿದ್ದರೆ ಅರ್ಧ ಉತ್ತರ ಸಿಕ್ಕಿತು. ಪಾತ್ರೆ ತಿಕ್ಕಿದ ಹಾಗೆ ಹಲ್ಲು ತಿಕ್ಕಿದರೆ ಒಸಡು ಸರಿದು ಬೇರು ಹೊರಬರುತ್ತದೆ. ಬೇರಿಗೆ ಎನಾಮಲ್‌ನ, ಅಂದರೆ ಹಲ್ಲಿನ ಗಟ್ಟಿ ಹೊರಪದರದ, ಕವಚವಿಲ್ಲ. ಅಲ್ಲಿರುವ ಡೆಂಟಿನ್ (ಹಲ್ಲಿನ ಒಳಪದರ) ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳು, ಅವುಗಳೊಳಗೆ ದ್ರವ. ತಣ್ಣಗಿನದು ತಾಗಿದರೆ ದ್ರವ ಕದಲುತ್ತದೆ, ನರಕ್ಕೆ ಗೊತ್ತಾಗುತ್ತದೆ. ಅಷ್ಟೇ ಸಂಗತಿ.

ಕವಳ (ಎಲೆಅಡಿಕೆ) ಹಾಕುವವರದು ಇನ್ನೊಂದು ಕತೆ. ದಿನವಿಡೀ ಅಡಿಕೆ ಅಗಿದು ದವಡೆ ಹಲ್ಲಿನ ಮೇಲ್ಭಾಗವೇ ಸವೆದು ಒಳಗಿನ ಹಳದಿ ಡೆಂಟಿನ್ ಕಾಣುತ್ತಿರುತ್ತದೆ. ಅವರಿಗೆ ಕವಳ ಬಿಡದೆ ಬೇರೆ ದಾರಿಯಿಲ್ಲ. ಬಾಯಿ ಕ್ಯಾನ್ಸರಿನ ಭಯವಂತೂ ಇದ್ದೇ ಇದೆ.

ಮೆದು ಎಳೆಯ ಬ್ರಷ್ ತನ್ನಿ. ಉಪ್ಪು, ಇದ್ದಿಲಪುಡಿ ಬಿಟ್ಟುಬಿಡಿ. ಸೆನ್ಸಿಟಿವ್ ಪೇಸ್ಟ್ ಕೊಳ್ಳುವಾಗ 5% ಪೊಟ್ಯಾಸಿಯಮ್ ನೈಟ್ರೇಟ್ ಇದೆಯಾ ನೋಡಿ, ಜೊತೆಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ದಿನಕ್ಕೆ ಎರಡು ಸಲ ಮೆಲ್ಲಗೆ ಉಜ್ಜಿ. ನೊರೆ ಉಗುಳಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸಬೇಡಿ. ಇದನ್ನು ಹೇಳಿದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ! ಮುಕ್ಕಳಿಸಿದರೆ ಔಷಧವೂ ನೀರಿನ ಜೊತೆ ಹೋಗುತ್ತದೆ, ಅಲ್ವಾ? ರಾತ್ರಿ ಮಲಗುವಾಗ ಜುಮ್ ಅನ್ನುವ ಜಾಗಕ್ಕೆ ಬೆರಳಲ್ಲಿ ಚೂರು ಪೇಸ್ಟ್ ಸವರಿ ಹಾಗೇ ಬಿಡಿ. ಗುಣ ಕಾಣಲು 2ರಿಂದ 4 ವಾರ ಬೇಕು. ನಾಲ್ಕು ದಿನಕ್ಕೆ 'ಏನೂ ಆಗ್ಲಿಲ್ಲ' ಎಂದು ಬಿಡುವವರೇ ಹೆಚ್ಚು.

ಅಪ್ಪೆಹುಳಿ ಬಿಡಿ ಎಂದರೆ ಶಿರಸಿಯಲ್ಲಿ ನನ್ನ ಕ್ಲಿನಿಕ್ ನಡೆಯುವುದಿಲ್ಲ. ಊಟದ ಜೊತೆ ಕುಡಿದು ಮುಗಿಸಿ. ಮಧ್ಯಾಹ್ನವಿಡೀ ಗುಟುಕು ಗುಟುಕಾಗಿ ಕುಡಿದರೆ ಹುಳಿ ಹಲ್ಲಿಗೆ ತಾಗುತ್ತಲೇ ಇರುತ್ತದೆ. ಕುಡಿದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಹುಳಿ ತಾಗಿ ಎನಾಮಲ್ ಮೆತ್ತಗಾಗಿರುತ್ತದೆ, ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬೇಡಿ.

ಒಂದೇ ಹಲ್ಲು ನೋಯುತ್ತಿದೆಯೇ? ತಣ್ಣಗಿನದು ಹೋದ ಮೇಲೂ ನೋವು ನಿಲ್ಲುತ್ತಿಲ್ಲವೇ? ಕಚ್ಚಿದಾಗ ಚುಳ್ ಅನ್ನುತ್ತದೆಯೇ, ರಾತ್ರಿ ನಿದ್ದೆ ಕೆಡಿಸುತ್ತದೆಯೇ? ಹಾಗಿದ್ದರೆ ಅದು ಹುಳುಕೋ ಬಿರುಕೋ ಇರಬಹುದು, ಪೇಸ್ಟ್ ನಂಬಿ ಕೂರಬೇಡಿ. ಹತ್ತಿರದ ದಂತವೈದ್ಯರಿಗೆ ತೋರಿಸಿ. ಹೋಗುವ ಮುಂಚೆ ಲವಂಗದೆಣ್ಣೆ ಹಚ್ಚಬೇಡಿ, ಮರಗಟ್ಟಿದರೆ ಯಾವ ಹಲ್ಲೆಂದು ಹುಡುಕುವುದು ನಮಗೆ ಕಷ್ಟ. ನೋವಿನ ಮಾತ್ರೆ ಪುಡಿಮಾಡಿ ಒಸಡಿಗೆ ಇಡುವುದಂತೂ ಬೇಡವೇ ಬೇಡ, ಒಸಡು ಸುಟ್ಟುಹೋಗುತ್ತದೆ.