ಪಕ್ ಕೋಲಿನಲ್ಲೇ ಉಳಿಯಬೇಕಾದರೆ

ಕೆನಡಾದಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯ ಮೊದಲ ಚಳಿಗಾಲದಲ್ಲೇ ಐಸ್ ಹಾಕಿ ಆಡಬೇಕೆಂದು ಹಟ ಹಿಡಿಯುತ್ತಾರೆ. ಸ್ಕೇಟಿಂಗ್ ಹೇಗೋ ಬರುತ್ತದೆ. ಪಕ್ ಸಿಕ್ಕಿತು ಅನ್ನುವಷ್ಟರಲ್ಲಿ ಕೋಲು ಬಿಟ್ಟು ಜಾರಿರುತ್ತದೆ. ಮಗಳ ಜೊತೆ ನಾನೂ ಕೋಲು ಹಿಡಿದು ಎರಡು ಚಳಿಗಾಲ ಕಲಿತ ಮೇಲೆ ಒಂದು ಮಾತು ಖಾತ್ರಿಯಾಗಿದೆ: ಪಕ್ ಆಡಿಸುವುದು ಮೇಲಿನ ಕೈ. ಕೆಳಗಿನದು ಅದಕ್ಕೆ ಆಸರೆ ಅಷ್ಟೆ.

ಪಕ್ ಎಂದರೆ ಗಟ್ಟಿ ರಬ್ಬರಿನ ಬಿಲ್ಲೆ. ಅಡ್ಡಳತೆ 3 ಇಂಚು, ದಪ್ಪ 1 ಇಂಚು, ಹೆಚ್ಚುಕಡಿಮೆ ಉದ್ದಿನ ವಡೆಯ ಗಾತ್ರ. ತೂಕ 156ರಿಂದ 170 ಗ್ರಾಂ. ಮಂಜುಗಡ್ಡೆಯ ಮೇಲೆ ಸುಮ್ಮನೆ ತಟ್ಟಿದರೂ ದೂರ ಹೋಗುತ್ತದೆ. ಆದ್ದರಿಂದ ಅದನ್ನು ಹೊಡೆಯುತ್ತಾ ಓಡಿಸಬಾರದು, ಬ್ಲೇಡಿನಲ್ಲಿ, ಅಂದರೆ ಕೋಲಿನ ಕೆಳತುದಿಯ ಚಪ್ಪಟೆ ಭಾಗದಲ್ಲಿ, ಬಳಸಿಕೊಂಡು ಕರೆದೊಯ್ಯಬೇಕು.

ಕೋಲು, ಹಿಡಿತ

ಸ್ಕೇಟ್ಸ್ ಹಾಕಿ ನಿಂತಾಗ ಕೋಲು ಗದ್ದದ ಮಟ್ಟಕ್ಕೆ ಬರಬೇಕು, ಬರಿಗಾಲಲ್ಲಿ ಮೂಗಿನ ಮಟ್ಟಕ್ಕೆ. ‘ಹೇಗೂ ಬೆಳೆಯುತ್ತಾಳಲ್ಲ’ ಎಂದು ಉದ್ದದ ಕೋಲು ಕೊಡಿಸಬೇಡಿ. ಅಂಗಿಯನ್ನು ಹಾಗೆ ಕೊಡಿಸಬಹುದು; ಕೋಲು ಉದ್ದವಾದರೆ ಮೇಲಿನ ಕೈ ಹೊಟ್ಟೆಗೆ ತಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಯಾವ ಕೈ ಮೇಲೆ? ಊಟ ಮಾಡುವ ಕೈ ಮೇಲಿರಲಿ ಎನ್ನುವುದು ನನ್ನ ಸಲಹೆ. ಕೆನಡಾದಲ್ಲಿ ಬಲಗೈ ರೂಢಿಯವರು ಬಲಗೈ ಮೇಲಿಟ್ಟು ಎಡಬದಿಯಿಂದ ಆಡುವುದು ತೀರಾ ಸಾಮಾನ್ಯ. ಮಗುವಿಗೆ ಇನ್ನೊಂದು ರೀತಿಯೇ ಸಲೀಸಾದರೆ ಬಲವಂತ ಬೇಡ.

ಕೊಡಗಿನ ಮೈದಾನಗಳಲ್ಲಿ ಹಾಕಿ ಆಡಿ ಬಂದವರು ಇಲ್ಲಿ ಒಂದು ಅಭ್ಯಾಸ ಮರೆಯಬೇಕು. ಅಲ್ಲಿ ಚಪ್ಪಟೆ ಮುಖದಿಂದ ಮಾತ್ರ ಚೆಂಡು ಮುಟ್ಟಬಹುದು, ಎಡಬದಿಗೆ ಬಂದರೆ ಕೋಲನ್ನೇ ತಿರುವಿ ಹಿಡಿಯಬೇಕು. ಇಲ್ಲಿ ಬ್ಲೇಡಿನ ಎರಡೂ ಮುಖ ನಿಮ್ಮವೇ.

ಮಣಿಕಟ್ಟಿನ ಕೆಲಸ

ಮಂಡಿ ಬಗ್ಗಿಸಿ ನಿಲ್ಲಿ. ಮೇಲಿನ ಕೈ ಸೊಂಟಕ್ಕೆ ಅಂಟದೆ ಮೈಯಿಂದ ಮುಂದಿರಲಿ, ಮೊಣಕೈ ಸಡಿಲವಾಗಿರಲಿ. ಕೆಳಗಿನ ಕೈ ಸುಮಾರು ಒಂದು ಅಡಿ ಕೆಳಗೆ, ಬೆರಳುಗಳು ಕೊಳವೆಯಂತೆ. ಕೋಲು ಅದರೊಳಗೆ ತಿರುಗುವಂತಿರಬೇಕು.

ಈಗ ಪಕ್ಕನ್ನು ಪಕ್ಕಕ್ಕೆ ತಳ್ಳಿ. ಅದು ತಲುಪುವ ಮೊದಲೇ ಬ್ಲೇಡ್ ಆಚೆ ದಾಟಿ, ಅದರ ಮೇಲೆ ತುಸು ಬಾಗಿ ಕಾದಿರಬೇಕು, ಮುಚ್ಚಳ ಅರ್ಧ ಮುಚ್ಚಿದ ಹಾಗೆ. ಬಾಗಿಸುವುದು ಮೇಲಿನ ಕೈಯ ಮಣಿಕಟ್ಟು. ದೋಸೆ ಮಗುಚುವಾಗ ಮಣಿಕಟ್ಟು ಹೊರಳುತ್ತದಲ್ಲ, ಅದೇ ಚಲನೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಪಕ್ ಬ್ಲೇಡಿನ ನಡುಭಾಗದಲ್ಲಿ ಕೂರಲಿ.

ಇದನ್ನು ಮನೆಯಲ್ಲೇ ಕಲಿಯಬೇಕು, ರಿಂಕಿನ (ಮಂಜುಗಡ್ಡೆಯ ಅಂಗಳದ) ಸಮಯ ದುಬಾರಿ. ನಮ್ಮ ಗ್ಯಾರೇಜಿನ ಸಿಮೆಂಟ್ ನೆಲದಲ್ಲಿ ಮಗಳು ಮರದ ಚೆಂಡಿನಿಂದ ಅಭ್ಯಾಸ ಮಾಡುತ್ತಿದ್ದಳು. ಮೊದಲ ವಾರಗಳಲ್ಲಿ ಒಳಗೆ ಅಡುಗೆಮನೆಗೂ ಟಕ್, ಟಕ್ ಎಂಬ ಪೆಟ್ಟು ಕೇಳುತ್ತಿತ್ತು. ಕೆಳಗಿನ ಕೈ ಪೂರ್ತಿ ಬಿಡಿಸಿ, ಮೇಲಿನ ಒಂದೇ ಕೈಯಲ್ಲಿ 30 ಸೆಕೆಂಡಿನ ಸರದಿಗಳನ್ನು ಮಾಡಿಸಿದೆ. ತೋಳು ನೋಯುತ್ತದೆ ಎಂದು ಅತ್ತಳು, ದಿನಕ್ಕೆ ಐದೇ ಸರದಿಗೆ ಇಳಿಸಿದೆ. ಒಂದು ಸಂಜೆ ಸದ್ದೇ ಇಲ್ಲ. ಆಟ ಬಿಟ್ಟು ಎದ್ದಳೇನೋ ಎಂದು ಬಾಗಿಲು ತೆರೆದರೆ ಚೆಂಡು ಎಡಕ್ಕೂ ಬಲಕ್ಕೂ ಹರಿದಾಡುತ್ತಿತ್ತು. ಸದ್ದು ತಗ್ಗಿದರೆ ಕೈ ಮೃದುವಾಗಿದೆ ಎಂದೇ ತಿಳಿಯಿರಿ.

ಆಮೇಲೆ ಅಗಲ ಹೆಚ್ಚಿಸಿ. ದೂರಕ್ಕೆ ಚಾಚುವಾಗ ಕೆಳಗಿನ ಕೈ ಮೇಲಕ್ಕೆ ಜಾರಲಿ, ಮರಳುವಾಗ ಇಳಿಯಲಿ. ನಂತರ ಬ್ಲೇಡಿನ ತುದಿಯನ್ನು ಚೆಂಡಿನ ಆಚೆಗಿಟ್ಟು ನಿಮ್ಮತ್ತ ಎಳೆಯುವುದು. ಕೊನೆಗೆ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು ಅವುಗಳ ನಡುವೆ ನುಸುಳುವುದು. ಐಸ್ ಹಾಕಿಯ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಗೆ ಕೆನಡಾದ ಬ್ರಾಂಟ್‌ಫರ್ಡ್ ಊರಿನ ಮನೆಯ ಹಿತ್ತಲಲ್ಲಿ ಅಪ್ಪ ವಾಲ್ಟರ್ ನೀರು ಹಾಯಿಸಿ ರಿಂಕ್ ಮಾಡಿ, ಡಬ್ಬಿಗಳ ಸುತ್ತ ಹೀಗೇ ಆಡಿಸುತ್ತಿದ್ದರು.

ಕಣ್ಣು

ತಲೆ ತಗ್ಗಿಸಿ ಆಡುವ ಅಭ್ಯಾಸವನ್ನು ದಯವಿಟ್ಟು ಬೆಳೆಯಲು ಬಿಡಬೇಡಿ. ತಲೆ ತಗ್ಗಿಸಿ ಹೋಗಿ ಗೋಡೆಗೋ ಇನ್ನೊಬ್ಬರಿಗೋ ಗುದ್ದಿದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಎದುರಿಗೆ ನಿಂತು ಬೆರಳು ತೋರಿಸಿ, ಎಷ್ಟೆಂದು ಹೇಳಿಸಿ. ಕಣ್ಣಂಚಿನಲ್ಲಿ ಪಕ್ ಕಾಣುತ್ತಿದ್ದರೆ ಸಾಕು.

ಇಷ್ಟಾದ ಮೇಲೆ ರಿಂಕಿಗೆ ಇಳಿಯಿರಿ, ಹೆಲ್ಮೆಟ್ಟಿಗೆ ಮುಖದ ಜಾಲರಿ ಇರಲಿ. ಮುಂದೆ ಖಾಲಿ ಜಾಗ ಇದ್ದಾಗ ಮೇಲಿನ ಕೈ ಒಂದರಿಂದಲೇ ಪಕ್ಕನ್ನು ಮುಂದೆ ತಳ್ಳಿ ವೇಗವಾಗಿ ಹೋಗಿ. ಎದುರಾಳಿ ಹತ್ತಿರ ಬಂದ ಕ್ಷಣ ಇನ್ನೊಂದು ಕೈಯನ್ನೂ ಕೋಲಿಗೆ ತನ್ನಿ.