ಸಿಡಿಲಿಗೆ ಸಿಕ್ಕಿದ ರೂಟರಿಗೆ ಹೊಸ ಕೆಲಸ

ಬದಿಯಡ್ಕದ ಹತ್ತಿರ ನಮ್ಮ ಮನೆ. ಇಲ್ಲಿ ಅಕ್ಟೋಬರಿನಲ್ಲಿ ಸಂಜೆಯಾದರೆ ಗುಡುಗು ಮಳೆ. ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಅಂಥದ್ದೇ ಒಂದು ಸಂಜೆ ನಮ್ಮ ಟಿಪಿ-ಲಿಂಕ್ ಡಬ್ಲ್ಯುಆರ್ 841ಎನ್ ರೂಟರಿನ ವ್ಯಾನ್ ಪೋರ್ಟ್, ಅಂದರೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿ ಸಿಕ್ಕಿಸುವ ಕಿಂಡಿ, ಸುಟ್ಟುಹೋಯಿತು. ಆಮೇಲೆ ಫೈಬರ್ ಬಂತು, ಹೊಸ ಪೆಟ್ಟಿಗೆ ಬಂತು. ಹಳೆಯದು ಅಟ್ಟ ಸೇರಿತು.

ಈ ವರ್ಷ ಮಗಳಿಗಾಗಿ ಉಪ್ಪರಿಗೆಯಲ್ಲಿ ಡೆಸ್ಕ್‌ಟಾಪ್ ಇಟ್ಟೆ. ಶಾಲೆಯಲ್ಲಿ ಕಲಿಸುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಹಾಗಾಗಿ ಇಲ್ಲೂ ಅದೇ. ಕಂಪ್ಯೂಟರಿನಲ್ಲಿ ವೈಫೈ ಇಲ್ಲ. ವೈಫೈ ಹಿಡಿಯುವ ಯುಎಸ್‌ಬಿ ಡಾಂಗಲ್ ತಂದೆ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಲಿನಕ್ಸಿಗೆ ಸಿಗದೆ ಎರಡು ರಾತ್ರಿ ಹಾಳಾಯಿತು. ಕೆಳಗಿನ ಚಾವಡಿಯಿಂದ ಕೇಬಲ್ ಎಳೆಯಲು ಮನಸ್ಸಾಗಲಿಲ್ಲ. ಅಂಗಳದ ಬದಿಯಿಂದ ಅಷ್ಟುದ್ದ ತಾಮ್ರ ಹೋದರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ, ಅಲ್ವಾ?

ಆಗ ಅಟ್ಟದ ರೂಟರ್ ನೆನಪಾಯಿತು. "ಅದು ಸತ್ತದ್ದಲ್ವಾ ಮಾರಾಯ?" ಎಂದರು ಅಪ್ಪ. ಸತ್ತದ್ದು ವ್ಯಾನ್ ಪೋರ್ಟ್ ಮಾತ್ರ. ಕೆಳಗಿನ ವೈಫೈಯನ್ನು ಹಿಡಿದು ಕೇಬಲಿನಲ್ಲಿ ಕಂಪ್ಯೂಟರಿಗೆ ಕೊಡುವ ಕೆಲಸಕ್ಕೆ ಆ ಪೋರ್ಟ್ ಬೇಕಾಗಿಯೇ ಇಲ್ಲ. ಮನೆಯೊಳಗಿನ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಒಂದಿದ್ದರೆ ಸಾಕು. ಕಂಪ್ಯೂಟರಿನ ಪಾಲಿಗೆ ಅದು ಬರೀ ಕೇಬಲ್, ಡ್ರೈವರಿನ ಮಾತೇ ಇಲ್ಲ.

ಅಡಾಪ್ಟರ್ ಹುಡುಕುವಾಗ ಸ್ವಲ್ಪದರಲ್ಲಿ ಉಳಿದೆ. ಕೈಗೆ ಸಿಕ್ಕಿದ್ದು ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನದ್ದು, ಪಿನ್ ಸರಿಯಾಗಿ ಕೂರುತ್ತದೆ. ರೂಟರಿಗೆ ಬೇಕಾದ್ದು 9 ವೋಲ್ಟ್. ತಳದ ಚೀಟಿ ಓದಿದ್ದು ಒಳ್ಳೆಯದಾಯಿತು.

ಸೆಟ್ಟಿಂಗ್ ಮಾಡುವಾಗ ನಾನು ಮಾಡಿದ ಎಡವಟ್ಟು ಡಿಎಚ್‌ಸಿಪಿಯನ್ನು, ಅಂದರೆ ಜೋಡಿಸಿದ ಕಂಪ್ಯೂಟರಿಗೆ ತಾನಾಗಿ ನೆಟ್‌ವರ್ಕ್ ವಿಳಾಸ ಕೊಡುವ ವ್ಯವಸ್ಥೆಯನ್ನು, ಮೊದಲೇ ಆಫ್ ಮಾಡಿದ್ದು. ಕಂಪ್ಯೂಟರಿಗೆ ವಿಳಾಸ ಕೊಡುವವರೇ ಇಲ್ಲ, ರೂಟರಿನ ಸೆಟ್ಟಿಂಗ್ ಪುಟವೂ ತೆರೆಯಲಿಲ್ಲ. ರಿಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಪುನಃ ಶುರು ಮಾಡಿದೆ. ಈ ಸಲ ಬ್ರೌಸರಿನಲ್ಲಿ 192.168.0.1ಕ್ಕೆ ಹೋಗಿ, ವೈರ್‌ಲೆಸ್ ಪುಟದಲ್ಲಿ ಡಬ್ಲ್ಯುಡಿಎಸ್ (ಎರಡು ರೂಟರುಗಳನ್ನು ವೈಫೈಯಲ್ಲೇ ಜೋಡಿಸುವ ಸೌಲಭ್ಯ) ಆನ್ ಮಾಡಿ, ಸರ್ವೇ ಒತ್ತಿ ಕೆಳಗಿನ ವೈಫೈ ಆರಿಸಿ, ಪಾಸ್‌ವರ್ಡ್ ಹಾಕಿದೆ. ಇದಕ್ಕೆ ಕಾಣುವುದು 2.4 ಗಿಗಾಹರ್ಟ್ಸ್ ಮಾತ್ರ, 5ರ ಹೆಸರು ಹುಡುಕಿ ಪ್ರಯೋಜನವಿಲ್ಲ. ಹೊಸ ಪೆಟ್ಟಿಗೆಯ ವಿಳಾಸ 192.168.1.1, ಹಾಗಾಗಿ ಹಳೆಯದಕ್ಕೆ 192.168.1.2 ಕೊಟ್ಟೆ. ಕೊನೆಗೆ ಡಿಎಚ್‌ಸಿಪಿ ಆಫ್, ವಿಳಾಸ ಕೊಡುವ ಕೆಲಸ ಇನ್ನು ಹೊಸ ಪೆಟ್ಟಿಗೆಯದ್ದು.

ನೆಟ್ ಬಂತು. ಮರುದಿನ ಹೋಯಿತು! ಕೆಳಗಿನ ಪೆಟ್ಟಿಗೆ ಚಾನೆಲನ್ನು ತಾನಾಗಿ ಬದಲಾಯಿಸುತ್ತಿತ್ತು, ಹಳೆಯದು ಮೊದಲಿನ ಚಾನೆಲಿನಲ್ಲೇ ಕೂತಿತ್ತು. ಡಬ್ಲ್ಯುಡಿಎಸ್‌ಗೆ ಎರಡೂ ಒಂದೇ ಚಾನೆಲಿನಲ್ಲಿರಬೇಕು. ಎರಡಕ್ಕೂ 6 ಎಂದು ಖಾಯಂ ಮಾಡಿದೆ.

ಮುರಕಲ್ಲಿನ ಗೋಡೆ ದಪ್ಪ. ಹಳೆಯದನ್ನು ಮೇಜಿನ ಮೇಲಿಟ್ಟರೆ ನೆಟ್ಟಿನ ವೇಗ 8 ಎಂಬಿಪಿಎಸ್, ಮೆಟ್ಟಿಲಿನ ಕಡೆಯ ಕಿಟಕಿಯಲ್ಲಿಟ್ಟರೆ 25. ಸುಮ್ನೆ ಎರಡು ಮೀಟರ್ ಸರಿಸಿದ್ದಕ್ಕೆ ಇಷ್ಟು. ಮಗಳಿಗೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಖರ್ಚಾದದ್ದು ಆ ಡಾಂಗಲಿಗೆ ಕೊಟ್ಟ ದುಡ್ಡು ಮಾತ್ರ, ಅದೀಗ ಅಟ್ಟದಲ್ಲಿದೆ.

ಫೈಬರಿನಲ್ಲಿ ಕರೆಂಟು ಬರುವುದಿಲ್ಲ, ಆದರೆ ಪ್ಲಗ್ಗಿನಲ್ಲಿ ಬರುತ್ತದಲ್ಲ. ದೂರದಲ್ಲಿ ಗುಡುಗಿದರೆ ಸಾಕು, ಅಪ್ಪ ಚಾವಡಿಯಿಂದಲೇ ಕೂಗುತ್ತಾರೆ: "ಮೇಲಿನದ್ದರ ಪಿನ್ ತೆಗೆದೆಯಾ?"